ಗ್ಯಾಸ್ ಮೀಟರ್‌ನಲ್ಲಿ 142, ಬಿಲ್‌ನಲ್ಲಿ 1,589! ಯು.ಕೆ.ಯಲ್ಲಿರುವವರು ಬಾಯ್ಲರ್ ಹೇಗೆ ಸೆಟ್ ಮಾಡಿದ್ದೀರಿ?

ತುಂಗಾತೀರ, ಲೀಡ್ಸ್ · ಫೆಬ್ರವರಿ 4

ಎಲ್ಲರಿಗೂ ನಮಸ್ಕಾರ. ಕಳೆದ ಆಗಸ್ಟ್‌ನಲ್ಲಿ ಮೂರು ಬೆಡ್‌ರೂಮಿನ ಟೆರೇಸ್ ಮನೆ (ಅಂದರೆ ಸಾಲುಮನೆ) ತಗೊಂಡೆವು. ಸ್ವಂತ ಮನೆಯಲ್ಲಿ ಇದು ಮೊದಲ ಚಳಿಗಾಲ. ಅಮ್ಮ ತೀರ್ಥಹಳ್ಳಿಯಿಂದ ಬಂದಿದ್ದಾರೆ. 71 ವರ್ಷ, ಮಂಡಿನೋವು ಬೇರೆ. ಹಾಗಾಗಿ ಮನೆ ತಣ್ಣಗಿಡುವ ಮಾತೇ ಇಲ್ಲ.

ಜನವರಿ ಬಿಲ್ ಬಂತು. ಗ್ಯಾಸ್ 1,589 ಯೂನಿಟ್ ಅಂತ ಹಾಕಿದ್ದಾರೆ. ನಾನು ಜನವರಿ 1 ಮತ್ತು ಫೆಬ್ರವರಿ 1ರಂದು ಮೀಟರ್ ಫೋಟೊ ತೆಗೆದಿಟ್ಟಿದ್ದೆ. ಎರಡನ್ನೂ ಕಳೆದರೆ ಬರೋದು 142 ಅಷ್ಟೇ. ಹನ್ನೊಂದು ಪಟ್ಟು ಜಾಸ್ತಿ ಹೇಗಾಯ್ತು?

ಇನ್ನೊಂದು ವಿಷಯ. ಬಾಯ್ಲರ್ ಕಾಂಬಿ (ಮನೆ ಕಾಯಿಸೋದು, ನಲ್ಲಿಗೆ ಬಿಸಿನೀರು ಕೊಡೋದು ಎರಡೂ ಅದೇ, ಟ್ಯಾಂಕ್ ಇಲ್ಲ), 30 ಕಿಲೋವ್ಯಾಟ್. ಮುಂದೆ ಎರಡು ತಿರುಗಣೆ ಇವೆ. ರೇಡಿಯೇಟರ್ (ಬಿಸಿನೀರು ಹರಿದು ರೂಮ್ ಕಾಯಿಸುವ ಲೋಹದ ಫಲಕ) ಚಿತ್ರದ್ದು 75 ಡಿಗ್ರಿಯಲ್ಲಿದೆ, ನಲ್ಲಿ ಚಿತ್ರದ್ದು 60ರಲ್ಲಿದೆ. ಹಳೇ ಮಾಲೀಕರು ಇಟ್ಟ ಹಾಗೇ ಬಿಟ್ಟಿದ್ದೇನೆ. ಹಾಲ್‌ನ ಥರ್ಮೋಸ್ಟ್ಯಾಟ್ 21ರಲ್ಲಿದೆ. ಅಡುಗೆಮನೆ ಹೊರಗಿನ ಗೋಡೆಯ ಕೊಳವೆಯಿಂದ ಬಿಳಿ ಹೊಗೆ ದಂಡಿಯಾಗಿ ಬರುತ್ತದೆ. ಅಮ್ಮ ದಿನಾ ಕೇಳ್ತಾರೆ, "ಇಷ್ಟು ಹೊಗೆ ಹೊರಗೆ ಹೋದ್ರೆ ಒಳಗೆ ಬಿಸಿ ಉಳಿಯೋದು ಹ್ಯಾಗೋ?" ನನ್ನ ಹತ್ತಿರ ಉತ್ತರ ಇರಲಿಲ್ಲ.

---

ನಾಲೆಬಯಲು, ಮಿಲ್ಟನ್ ಕೀನ್ಸ್ · ಫೆಬ್ರವರಿ 4

ತುಂಗಾತೀರ ಅವರೇ, ಬಿಲ್ ಸರಿಯಾಗಿದೆ. ಮೀಟರ್ ಅಳೆಯೋದು ಗ್ಯಾಸಿನ ಗಾತ್ರವನ್ನು, ಕ್ಯೂಬಿಕ್ ಮೀಟರ್ ಲೆಕ್ಕದಲ್ಲಿ. ಬಿಲ್ ಹಾಕೋದು ಅದರೊಳಗಿನ ಶಾಖಕ್ಕೆ, ಕಿಲೋವ್ಯಾಟ್ ಅವರ್ ಲೆಕ್ಕದಲ್ಲಿ. ನಾವು ಊರಲ್ಲಿ ಕರೆಂಟಿಗೆ ಯೂನಿಟ್ ಅನ್ನೋದು ಇದನ್ನೇ.

ಲೆಕ್ಕ ಹೀಗೆ: 142ನ್ನು 1.02264ರಿಂದ ಗುಣಿಸಿ. ಇದು ಗ್ಯಾಸಿನ ಒತ್ತಡ ಮತ್ತು ಉಷ್ಣತೆಗೆ ಮಾಡುವ ಹೊಂದಾಣಿಕೆ. ಬಂದದ್ದನ್ನು ಬಿಲ್‌ನಲ್ಲಿ ಕೊಟ್ಟಿರುವ ಕ್ಯಾಲೊರಿಫಿಕ್ ವ್ಯಾಲ್ಯೂನಿಂದ (ಒಂದು ಕ್ಯೂಬಿಕ್ ಮೀಟರ್ ಗ್ಯಾಸಿನ ಶಾಖ, ಮೆಗಾಜೂಲ್ ಲೆಕ್ಕದಲ್ಲಿ) ಗುಣಿಸಿ. ಅದು 39ರ ಆಸುಪಾಸು ಇರುತ್ತದೆ, ನಿಮಗೆ 39.4 ಇರಬೇಕು. ಆಮೇಲೆ ಯೂನಿಟ್ ಲೆಕ್ಕಕ್ಕೆ ತರಲು 3.6ರಿಂದ ಭಾಗಿಸಿ. 1,589 ಬರುತ್ತದೆ. ಬಾಯಿಲೆಕ್ಕಕ್ಕೆ 11.2ರಿಂದ ಗುಣಿಸಿದರೆ ಸಾಕು.

1,589 ಯೂನಿಟ್ ಅಂದರೆ ಎಷ್ಟು ಅಂತ ಮನಸ್ಸಿಗೆ ಬರಬೇಕಾದರೆ ಊರಿನ ಸಿಲಿಂಡರ್ ನೆನಪಿಸಿಕೊಳ್ಳಿ. 14.2 ಕೆ.ಜಿ. ಸಿಲಿಂಡರ್‌ನಲ್ಲಿ ಸುಮಾರು 195 ಯೂನಿಟ್ ಶಾಖ ಇರುತ್ತದೆ. ಅಂದರೆ ಒಂದೇ ತಿಂಗಳಲ್ಲಿ ಎಂಟು ಸಿಲಿಂಡರ್. ಗಾಬರಿಯಾಗಬೇಡಿ. ಇಲ್ಲಿನ ಮಧ್ಯಮ ಬಳಕೆಯ ಮನೆಗೆ ಆಫ್‌ಜೆಮ್ (ಗ್ಯಾಸ್, ಕರೆಂಟ್ ಕಂಪನಿಗಳ ಮೇಲಿನ ಸರ್ಕಾರಿ ನಿಯಂತ್ರಣ ಸಂಸ್ಥೆ) 2023ರಲ್ಲಿ ವರ್ಷಕ್ಕೆ 11,500 ಯೂನಿಟ್ ಅಂತ ಲೆಕ್ಕ ಇಟ್ಟುಕೊಂಡಿತ್ತು. ಅದರಲ್ಲಿ ದೊಡ್ಡ ಪಾಲು ಚಳಿಗಾಲದ್ದೇ.

ಆದರೆ ಆ 75 ಬದಲಾಯಿಸಲೇಬೇಕು. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

ಇಂಗ್ಲೆಂಡ್, ವೇಲ್ಸ್‌ನಲ್ಲಿ 2005ರ ಏಪ್ರಿಲ್‌ನಿಂದ ಹೊಸದಾಗಿ ಹಾಕುವ ಗ್ಯಾಸ್ ಬಾಯ್ಲರ್ ಹೆಚ್ಚುಕಡಿಮೆ ಎಲ್ಲವೂ ಕಂಡೆನ್ಸಿಂಗ್ ಆಗಿರಬೇಕು ಅಂತ ನಿಯಮ ಇದೆ. ನಿಮ್ಮದೂ ಅದೇ ಇರುತ್ತದೆ. ಗ್ಯಾಸ್ ಉರಿದಾಗ ನೀರಿನ ಆವಿ ಹುಟ್ಟುತ್ತದೆ. ಆ ಆವಿಯಲ್ಲಿ ಶಾಖ ಅಡಗಿರುತ್ತದೆ. ಇಡ್ಲಿ ಪಾತ್ರೆ ಮುಚ್ಚಳ ತೆಗೆಯುವಾಗ ಹಬೆ ಕೈಗೆ ತಾಗಿದರೆ ಎಷ್ಟು ಜೋರಾಗಿ ಸುಡುತ್ತದೆ ಅಲ್ವಾ? ಆವಿ ಚರ್ಮದ ಮೇಲೆ ನೀರಾಗುವಾಗ ಅಡಗಿದ್ದ ಶಾಖವನ್ನೆಲ್ಲ ಅಲ್ಲೇ ಬಿಟ್ಟುಬಿಡುತ್ತದೆ. ಕಂಡೆನ್ಸಿಂಗ್ ಬಾಯ್ಲರ್ ಮಾಡೋದು ಇದನ್ನೇ. ಹೊರಗೆ ಹೋಗುವ ಆವಿಯನ್ನು ಒಳಗೇ ನೀರು ಮಾಡಿ ಅದರ ಶಾಖ ಉಳಿಸಿಕೊಳ್ಳುತ್ತದೆ. ಗ್ಯಾಸಿನ ಒಟ್ಟು ಶಾಖದಲ್ಲಿ ಹತ್ತರಲ್ಲೊಂದು ಪಾಲು ಈ ಆವಿಯಲ್ಲೇ ಇರುತ್ತದೆ.

ಇದಕ್ಕೆ ಒಂದು ಷರತ್ತು ಇದೆ. ಆವಿ ನೀರಾಗಬೇಕಾದರೆ ತಣ್ಣನೆಯ ಜಾಗ ಬೇಕು. ರೇಡಿಯೇಟರ್ ಸುತ್ತಿ ವಾಪಸ್ ಬರುವ ನೀರು 55 ಡಿಗ್ರಿಗಿಂತ ಕೆಳಗಿರಬೇಕು. ಕೆಳಗೆ ಹೋದಷ್ಟೂ ಒಳ್ಳೆಯದು. ನೀವು 75ರಲ್ಲಿ ಕಳಿಸಿದರೆ ವಾಪಸ್ ಬರೋದು 60ರ ಮೇಲೆ. ಆಗ ಆವಿ ನೀರಾಗೋದು ತೀರಾ ಕಡಿಮೆ. ಬಾಯ್ಲರ್ ಮೇಲೆ ದಕ್ಷತೆ 90 ಪ್ರತಿಶತಕ್ಕಿಂತ ಜಾಸ್ತಿ ಅಂತ ಬರೆದಿದ್ದರೂ ನಿಮಗೆ ಸಿಗೋದು 87ರ ಆಸುಪಾಸು.

ರೇಡಿಯೇಟರ್ ತಿರುಗಣೆಯನ್ನು 55ಕ್ಕೆ ಇಳಿಸಿ. ತುಂಬಾ ಚಳಿ ಇದ್ದ ದಿನ 60 ಮಾಡಿ. ಥರ್ಮೋಸ್ಟ್ಯಾಟ್ 21 ಹಾಗೇ ಇರಲಿ, ಅಮ್ಮನಿಗೆ ಒಂದು ಡಿಗ್ರಿಯೂ ಕಡಿಮೆ ಆಗೋದು ಬೇಡ. ಮನೆ ಬಿಸಿಯಾಗಲು ಹೆಚ್ಚು ಹೊತ್ತು ಬೇಕು, ಅರ್ಧ ಗಂಟೆ ಮುಂಚೆ ಶುರುವಾಗುವ ಹಾಗೆ ಟೈಮರ್ ಹಾಕಿ. 2022ರ ಚಳಿಗಾಲದಲ್ಲಿ ನೆಸ್ಟಾ ಅನ್ನೋ ಸಂಸ್ಥೆ ದೇಶದ ತುಂಬಾ ಪ್ರಚಾರ ಮಾಡಿದ್ದು ಇದನ್ನೇ. ದುಡ್ಡು ಖರ್ಚಿಲ್ಲ, ಯಾರನ್ನೂ ಕರೆಸಬೇಕಾಗಿಲ್ಲ.

---

ಕರಾವಳಿ ಅಕ್ಕ, ರೀಡಿಂಗ್ · ಫೆಬ್ರವರಿ 5

ನಾಲೆಬಯಲು ಚೆನ್ನಾಗಿ ಹೇಳಿದ್ದಾರೆ. ನಾನು ಈ ದೇಶಕ್ಕೆ ಬಂದು ಹದಿನೆಂಟು ವರ್ಷ. ಅದರಲ್ಲಿ ಹದಿನೈದು ವರ್ಷ ಬಾಯ್ಲರ್ 80ರಲ್ಲೇ ಓಡಿತು, ಯಾರೂ ಹೇಳಲಿಲ್ಲ. 2021ರಲ್ಲಿ ಗ್ಯಾಸ್ ಯೂನಿಟ್‌ಗೆ 4 ಪೆನ್ನಿ ಆಸುಪಾಸು ಇತ್ತು. 2022ರ ಅಕ್ಟೋಬರ್‌ನಲ್ಲಿ ಸರ್ಕಾರ ಬೆಲೆ ಹಿಡಿದಿಟ್ಟ ಮೇಲೂ 10.3 ಪೆನ್ನಿ ಆಯ್ತು. ಆಗ ಕಣ್ಣುಬಿಟ್ಟು ಕಲಿತದ್ದು.

ಒಂದು ಎಚ್ಚರಿಕೆ, ದಯವಿಟ್ಟು ಎಲ್ಲರೂ ಓದಿ. ಕಾಂಬಿ ಇದ್ದವರು ನಲ್ಲಿ ತಿರುಗಣೆಯನ್ನು 50ಕ್ಕೆ ಇಳಿಸಬಹುದು. 60ರಲ್ಲಿ ಕಾಯಿಸಿ ಆಮೇಲೆ ತಣ್ಣೀರು ಬೆರೆಸೋದು ಯಾಕೆ? ಮಕ್ಕಳ ಕೈ ಸುಡೋದೂ ತಪ್ಪುತ್ತದೆ. ಆದರೆ ಮನೆಯಲ್ಲಿ ಬಿಸಿನೀರಿನ ದೊಡ್ಡ ಸಿಲಿಂಡರ್ ಟ್ಯಾಂಕ್ ಇದ್ದರೆ ಹಾಗೆ ಮಾಡಬೇಡಿ. ನಿಂತ ಬೆಚ್ಚನೆ ನೀರಿನಲ್ಲಿ ಲೀಜಿಯೊನೆಲ್ಲಾ ಅನ್ನೋ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಟ್ಯಾಂಕ್ ನೀರು 60 ಡಿಗ್ರಿಗೆ ಕಾಯಲೇಬೇಕು. ರೇಡಿಯೇಟರ್, ಟ್ಯಾಂಕ್ ಎರಡಕ್ಕೂ ಒಂದೇ ತಿರುಗಣೆ ಇರುವ ಬಾಯ್ಲರ್ ಆದರೆ 65ಕ್ಕಿಂತ ಕೆಳಗೆ ಇಳಿಸಬೇಡಿ.

ಸ್ನಾನದ ಲೆಕ್ಕವನ್ನೂ ನೋಡಿ. ಚಳಿಗಾಲದಲ್ಲಿ ಹತ್ತು ನಿಮಿಷ ಜೋರು ಶವರ್ ಅಂದರೆ ನೂರು ಲೀಟರ್ ನೀರು, ನಾಲ್ಕು ಯೂನಿಟ್ ಗ್ಯಾಸ್. ಒಂದು ಬಕೆಟ್ ಬಿಸಿನೀರು, ಚೊಂಬಿನಲ್ಲಿ ಸ್ನಾನ ಅಂದರೆ ಒಂದು ಯೂನಿಟ್‌ಗೂ ಕಡಿಮೆ. ನಮ್ಮ ಮನೆ ಬಾತ್‌ಟಬ್‌ನಲ್ಲಿ ಈಗಲೂ ಬಕೆಟ್ ಚೊಂಬು ಇದೆ.

---

ಹೊಸಬ, ಮ್ಯಾಂಚೆಸ್ಟರ್ · ಫೆಬ್ರವರಿ 5

ನಾನು ಬಾಡಿಗೆ ಮನೆಯಲ್ಲಿದ್ದೇನೆ. ನಾನು ಇದನ್ನೆಲ್ಲ ಮುಟ್ಟಬಹುದಾ? ಇನ್ನೊಂದು, ಆಫೀಸ್‌ನಲ್ಲಿ ಒಬ್ಬರು ಹೇಳಿದರು: ಹೀಟಿಂಗ್ ಆಫ್ ಮಾಡಲೇಬೇಡ, 24 ಗಂಟೆ ಸಣ್ಣಗೆ ಇಟ್ಟರೆ ಖರ್ಚು ಕಡಿಮೆ ಅಂತ. ಹಾಗೇ ಮಾಡ್ತಿದ್ದೇನೆ. ಸರಿನಾ?

---

ನಾಲೆಬಯಲು, ಮಿಲ್ಟನ್ ಕೀನ್ಸ್ · ಫೆಬ್ರವರಿ 5

ತಮ್ಮಾ, ಮುಂದಿನ ತಿರುಗಣೆ ಅಥವಾ ಬಟನ್ ಬಳಸುವವರಿಗೇ ಇರೋದು, ಧಾರಾಳವಾಗಿ ಬದಲಾಯಿಸು. ಮೊದಲು ಎಷ್ಟಿತ್ತು ಅಂತ ಫೋಟೊ ತೆಗೆದಿಟ್ಟುಕೋ. ಮುಂದಿನ ಕವಚ ಮಾತ್ರ ಬಿಚ್ಚಬೇಡ. ಅದನ್ನು ಗ್ಯಾಸ್ ಸೇಫ್ ರಿಜಿಸ್ಟರ್‌ನಲ್ಲಿ (ಗ್ಯಾಸ್ ಕೆಲಸಕ್ಕೆ ಅನುಮತಿ ಇರುವವರ ಅಧಿಕೃತ ಪಟ್ಟಿ) ಇರುವವರೇ ಬಿಚ್ಚಬೇಕು. ಮನೆ ಮಾಲೀಕರು ವರ್ಷಕ್ಕೊಮ್ಮೆ ಗ್ಯಾಸ್ ತಪಾಸಣೆ ಮಾಡಿಸಿ ನಿನಗೆ ಅದರ ಪ್ರತಿ ಕೊಡಬೇಕು. ಕೊಟ್ಟಿಲ್ಲ ಅಂದರೆ ಕೇಳು, ಅದು ಕಾನೂನು.

24 ಗಂಟೆ ವಿಷಯ. ಮನೆ ಒಳಗೂ ಹೊರಗೂ ಎಷ್ಟು ಡಿಗ್ರಿ ವ್ಯತ್ಯಾಸ ಇದೆಯೋ ಅಷ್ಟು ಶಾಖ ಗೋಡೆ ಕಿಟಕಿಯಿಂದ ಹೋಗುತ್ತಲೇ ಇರುತ್ತದೆ. ಮನೆಯಲ್ಲಿ ಯಾರೂ ಇಲ್ಲದಾಗಲೂ ಬಿಸಿ ಇಟ್ಟರೆ ಅಷ್ಟು ಹೊತ್ತೂ ಸೋರುತ್ತದೆ. ನೀನು ಒಬ್ಬನೇ, ಬೆಳಗ್ಗೆ ಹೋಗಿ ಸಂಜೆ ಬರ್ತೀಯ ಅಂದರೆ ಟೈಮರ್ ಹಾಕೋದೇ ಸರಿ. ಪೂರ್ತಿ ತಣ್ಣಗಾಗೋಕೂ ಬಿಡಬೇಡ, ಗೋಡೆಗೆ ಬೂಷ್ಟು ಬರುತ್ತದೆ. ನೀನಿಲ್ಲದ ಹೊತ್ತಿಗೆ 16ರಲ್ಲಿಡು. ಕುಕ್ಕರ್ ಇಟ್ಟಾಗ ಫ್ಯಾನ್ ಹಾಕು, ಒದ್ದೆ ಬಟ್ಟೆ ರೇಡಿಯೇಟರ್ ಮೇಲೆ ಹರಡಬೇಡ.

ಮನೆಯಲ್ಲಿ ಇಡೀ ದಿನ ವಯಸ್ಸಾದವರು ಇದ್ದರೆ ಮಾತು ಬೇರೆ. ಆಗ ನೀರನ್ನು 50, 55ರಲ್ಲಿಟ್ಟು ಹೆಚ್ಚು ಹೊತ್ತು ಓಡಿಸೋದು ಒಳ್ಳೆಯದು.

---

ಪೇಡಾನಗರಿ, ಬರ್ಮಿಂಗ್‌ಹ್ಯಾಮ್ · ಫೆಬ್ರವರಿ 7

ಮೀಟರ್ ಮಾತು ಬಂತಲ್ಲ, ನಮ್ಮನೆ ಕಥೆ ಹೇಳಿಬಿಡ್ತೀನಿ. ಇಲ್ಲಿ ಎರಡು ಥರ ಗ್ಯಾಸ್ ಮೀಟರ್ ಇವೆ. ಹಳೇದು ನೂರು ಘನ ಅಡಿ ಲೆಕ್ಕದ್ದು, ಹೊಸದು ಕ್ಯೂಬಿಕ್ ಮೀಟರ್‌ದು. ಹಳೇದರ ಅಂಕಿಯನ್ನು ಮೊದಲು 2.83ರಿಂದ ಗುಣಿಸಬೇಕು. ನಮ್ಮ ಮನೆಯ ಹಳೇ ಮೀಟರ್ ತೆಗೆದು ಹೊಸದು ಹಾಕಿದರು. ಕಂಪನಿಯ ಕಂಪ್ಯೂಟರ್‌ನಲ್ಲಿ ಮಾತ್ರ ಹಳೇದೇ ಉಳಿದಿತ್ತು. ಐದು ತಿಂಗಳು 2.83 ಪಟ್ಟು ಬಿಲ್ ಕಟ್ಟಿದೆವು. ಯಜಮಾನ್ರು ಚಳಿ ಜಾಸ್ತಿ ಇತ್ತು, ಇರಬಹುದು ಬಿಡು ಅಂದ್ರು. ನನಗೆ ಸಮಾಧಾನ ಆಗಲಿಲ್ಲ. ಬಿಲ್‌ನ ಹಿಂದಿನ ಪುಟದಲ್ಲಿ ಲೆಕ್ಕ ಬಿಡಿಸಿ ಹಾಕಿರ್ತಾರೆ, ಅದರಲ್ಲಿ 2.83 ಕಂಡಿತು. ಮೀಟರ್ ಮುಖದ ಮೇಲೆ ಘನ ಮೀಟರ್ ಗುರುತು ಇತ್ತು.

ಫೋನ್ ಮಾಡಿ ಸಾಕಾಯ್ತು. ಕೊನೆಗೆ ದೂರು ಅಂತಲೇ ಬರೆದು ಕಳಿಸಿದೆ, ಫೋಟೊ ಸಮೇತ. ದೂರು ಕೊಟ್ಟು ಎಂಟು ವಾರ ಆದರೂ ಸರಿಮಾಡದಿದ್ದರೆ ಎನರ್ಜಿ ಒಂಬುಡ್ಸ್‌ಮನ್ (ಇಂಥ ದೂರು ಬಗೆಹರಿಸುವ ಸ್ವತಂತ್ರ ಸಂಸ್ಥೆ) ಹತ್ತಿರ ಹೋಗಬಹುದು, ಪುಕ್ಕಟೆ. ನಮಗೆ ಆರನೇ ವಾರಕ್ಕೆ ದುಡ್ಡು ವಾಪಸ್ ಬಂತು. ಎಲ್ಲರೂ ಒಂದ್ಸಲ ಮೀಟರ್ ಮುಖ, ಬಿಲ್‌ನ ಹಿಂದಿನ ಪುಟ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಬಿಲ್‌ನಲ್ಲಿ ರೀಡಿಂಗ್ ಪಕ್ಕ "ಎಸ್ಟಿಮೇಟೆಡ್" ಅಂತ ಇದ್ದರೆ ಅದು ಅವರ ಅಂದಾಜು, ನಿಜವಾದ ಅಂಕಿ ನೀವೇ ಕಳಿಸಿ.

---

ತುಂಗಾತೀರ, ಲೀಡ್ಸ್ · ಫೆಬ್ರವರಿ 11

ಎಲ್ಲರಿಗೂ ಧನ್ಯವಾದ. ನಮ್ಮದು ಕ್ಯೂಬಿಕ್ ಮೀಟರ್ ಮೀಟರೇ, ನೋಡಿದೆ. ರೇಡಿಯೇಟರ್ 55, ನಲ್ಲಿ 50 ಮಾಡಿದೆ. ಒಂದು ವಾರ ಆಯ್ತು.

ಮೊದಲ ದಿನ ಕಷ್ಟ ಆಯ್ತು. ಅಮ್ಮನಿಗೆ ಬೆಳಗ್ಗೆ ಎದ್ದ ಕೂಡಲೇ ಶಾಲು ಹೊದ್ದು ಹಾಲ್‌ನ ರೇಡಿಯೇಟರ್ ಪಕ್ಕ ಮಣೆ ಹಾಕಿಕೊಂಡು ಕೂರುವ ರೂಢಿ. ಮುಂಚೆ ಅದು ಮುಟ್ಟಿದರೆ ಕೈ ಹಿಂದಕ್ಕೆ ಎಳೆಯುವಷ್ಟು ಬಿಸಿ ಇರುತ್ತಿತ್ತು. ಅವತ್ತು ಅಂಗೈ ಇಟ್ಟರು, ಹಾಗೇ ಇಟ್ಟುಕೊಂಡೇ ಇದ್ದರು. "ಇದು ಕಾದೇ ಇಲ್ಲ ಮಾರಾಯಾ, ಕೆಟ್ಟಿದೆ" ಅಂದರು. ನಾನು ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಮೂರು ಪೌಂಡಿನ ಸಣ್ಣ ಥರ್ಮಾಮೀಟರ್ ತಂದು ಅವರ ಮಣೆ ಮಟ್ಟಕ್ಕೆ ಗೋಡೆಗೆ ತೂಗುಹಾಕಿದೆ. 20.5 ತೋರಿಸಿತು. ಸಂಜೆಯೂ 21. ಮುಂಚೆ ಒಮ್ಮೆ ಸೆಕೆ, ಒಮ್ಮೆ ಚಳಿ ಅಂತ ಆಗುತ್ತಿತ್ತು, ಈಗ ಒಂದೇ ಸಮ ಇದೆ. ನಾಲ್ಕನೇ ದಿನ ಅವರೇ ಹೇಳಿದರು, ರಾತ್ರಿ ಗಂಟಲು ಒಣಗೋದು ನಿಂತಿದೆ ಅಂತ. ಅದಕ್ಕೂ ಇದಕ್ಕೂ ಸಂಬಂಧ ಇದೆಯೋ ನನಗೆ ಗೊತ್ತಿಲ್ಲ, ಅವರು ಹೇಳಿದ್ದನ್ನು ಹೇಳಿದೆ.

ಇನ್ನೊಂದು ಕಣ್ಣಾರೆ ನೋಡಿದೆ. ಅಡುಗೆಮನೆ ಹೊರಗೆ ಮೋರಿಯ ಮೇಲೆ ಬಾಯ್ಲರಿನ ಬಿಳಿ ಪ್ಲಾಸ್ಟಿಕ್ ಪೈಪ್ ಬರುತ್ತದೆ. ಆವಿ ನೀರಾದದ್ದು ಅಲ್ಲೇ ಬೀಳೋದು ಅಂತ ಓದಿದೆ. ಹೋದ ವಾರ, ತಿರುಗಣೆ ಇಳಿಸುವ ಮುಂಚೆ, ಅದರ ಕೆಳಗೆ ಹಳೇ ಸ್ಟೀಲ್ ಚೊಂಬು ಇಟ್ಟೆ. ಸಂಜೆ ಎರಡು ಗಂಟೆ ಹೀಟಿಂಗ್ ಓಡಿತು. ಕಾಲು ಚೊಂಬೂ ಆಗಲಿಲ್ಲ. 55 ಮಾಡಿದ ಮೇಲೆ ಅಷ್ಟೇ ಹೊತ್ತಿಗೆ ಮತ್ತೆ ಇಟ್ಟೆ. ಒಮ್ಮೆಲೇ ಗುಳುಗುಳು ಅಂತ ಬರುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಮತ್ತೆ ಬರುತ್ತದೆ. ಎರಡು ಗಂಟೆಗೆ ಮುಂಚೆಯೇ ಚೊಂಬು ತುಂಬಿ ಹರಿಯಿತು. ಇಷ್ಟು ದಿನ ಈ ಶಾಖವೆಲ್ಲ ಲೀಡ್ಸ್ ಆಕಾಶಕ್ಕೆ ಹೋಗುತ್ತಿತ್ತಲ್ಲ ಅಂತ ಹೊಟ್ಟೆ ಉರಿಯಿತು. ಅಮ್ಮ ಆ ನೀರನ್ನು ಕಿಟಕಿಯಲ್ಲಿರುವ ತುಳಸಿಗೆ ಹಾಕಲು ಎತ್ತಿಕೊಂಡಿದ್ದರು.

ಒಂದು ತೊಂದರೆ ಉಳಿದಿದೆ. ಮೇಲಿನ ಚಿಕ್ಕ ರೂಮ್ ಬೇಗ ಬಿಸಿಯಾಗುತ್ತದೆ. ಹಿಂದಿನ ಅಮ್ಮನ ರೂಮ್ ಮಾತ್ರ 18 ದಾಟೋದಿಲ್ಲ.

---

ಕರಾವಳಿ ಅಕ್ಕ, ರೀಡಿಂಗ್ · ಫೆಬ್ರವರಿ 11

ತುಳಸಿಗೆ ಹಾಕಬೇಡಿ! ಆ ನೀರು ಹುಳಿ, ಸಣ್ಣ ಆಸಿಡ್ ಇದ್ದ ಹಾಗೆ. ಚೊಂಬನ್ನೂ ಚೆನ್ನಾಗಿ ತೊಳೆದಿಡಿ. ಹೊರಗೆ ಸೊನ್ನೆಗಿಂತ ಕೆಳಗೆ ಹೋದ ದಿನ ಆ ಪೈಪಿನೊಳಗೆ ನೀರು ಹೆಪ್ಪುಗಟ್ಟಿ ಬಾಯ್ಲರ್ ನಿಂತುಬಿಡುತ್ತದೆ. ಹಾಗಾದರೆ ಪೈಪ್ ಮೇಲೆ ಉಗುರುಬೆಚ್ಚಗಿನ ನೀರು ಸುರಿಯಿರಿ, ಕುದಿಯೋದು ಬೇಡ. ಆಮೇಲೆ ಬಾಯ್ಲರ್ ರೀಸೆಟ್ ಮಾಡಿ.

ಬಿಳಿ ಹೊಗೆ ಬರೀ ನೀರಾವಿ, ಹೆದರಬೇಕಾಗಿಲ್ಲ. ಹೆದರಬೇಕಾದದ್ದು ಕಣ್ಣಿಗೆ ಕಾಣದ ಕಾರ್ಬನ್ ಮೊನಾಕ್ಸೈಡ್‌ಗೆ. ಬಾಯ್ಲರ್ ಇರುವ ರೂಮಿನಲ್ಲಿ ಅದರ ಅಲಾರಂ ಇದೆಯಾ ತುಂಗಾತೀರ? ಇಲ್ಲದಿದ್ದರೆ ಈ ವಾರವೇ ತನ್ನಿ. ಗ್ಯಾಸ್ ವಾಸನೆ ಬಂದರೆ 0800 111 999ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಎತ್ತುತ್ತಾರೆ.

---

ನಾಲೆಬಯಲು, ಮಿಲ್ಟನ್ ಕೀನ್ಸ್ · ಫೆಬ್ರವರಿ 12

ಚೊಂಬಿನ ಪ್ರಯೋಗ ಓದಿ ತುಂಬಾ ಖುಷಿಯಾಯ್ತು. ಇದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ಅಮ್ಮನ ರೂಮಿನ ವಿಷಯ. ನಮ್ಮ ಮಂಡ್ಯದ ಕಡೆ ನಾಲೆ ನೀರು ನೋಡಿದವರಿಗೆ ಇದು ಕೂಡಲೇ ಅರ್ಥ ಆಗುತ್ತದೆ. ನಾಲೆಯ ತಲೆಯಲ್ಲಿರುವ ಗದ್ದೆಯವರು ತೂಬು ಪೂರ್ತಿ ತೆರೆದಿಟ್ಟರೆ ಅವರ ಗದ್ದೆ ತುಂಬಿ ಹರಿಯುತ್ತದೆ, ಕೊನೆಯ ಗದ್ದೆಗೆ ನೀರೇ ಮುಟ್ಟೋದಿಲ್ಲ. ನಿಮ್ಮ ಚಿಕ್ಕ ರೂಮ್ ತಲೆಗದ್ದೆ. ಅಮ್ಮನ ರೂಮ್ ಕೊನೆಗದ್ದೆ. ಮೇಲಿನವರ ತೂಬು ಸ್ವಲ್ಪ ಮುಚ್ಚಿಸಬೇಕು, ಅಷ್ಟೇ.

ಪ್ರತಿ ರೇಡಿಯೇಟರ್‌ಗೆ ಎರಡು ತುದಿ ಇರುತ್ತವೆ. ಒಂದರಲ್ಲಿ ನಂಬರ್ ಇರುವ ತಲೆ, ಇನ್ನೊಂದರಲ್ಲಿ ಬಿಳಿ ಟೋಪಿ. ಟೋಪಿ ಎಳೆದರೆ ಒಳಗೆ ಲಾಕ್‌ಶೀಲ್ಡ್ ವಾಲ್ವ್ ಇದೆ. ಅದೇ ತೂಬು. ನಂಬರ್ ತಲೆಗಳನ್ನೆಲ್ಲ ಪೂರ್ತಿ ತೆರೆಯಿರಿ. ಮನೆ ತಣ್ಣಗಿರುವಾಗ ಹೀಟಿಂಗ್ ಹಾಕಿ, ಯಾವ ರೇಡಿಯೇಟರ್ ಮೊದಲು ಬಿಸಿಯಾಗುತ್ತದೆ ಅಂತ ಬರೆದುಕೊಳ್ಳಿ. ಮೊದಲು ಬಿಸಿಯಾಗುವುದರ ಲಾಕ್‌ಶೀಲ್ಡ್ ಪೂರ್ತಿ ಮುಚ್ಚಿ ಕಾಲು ಸುತ್ತು ಮಾತ್ರ ತೆರೆಯಿರಿ. ನಂತರದ್ದಕ್ಕೆ ಅರ್ಧ ಸುತ್ತು. ಅಮ್ಮನ ರೂಮಿನದು ಪೂರ್ತಿ ತೆರೆದಿರಲಿ. ಒಂದು ದಿನ ಬಿಟ್ಟು ಮತ್ತೆ ನೋಡಿ, ಒಂದೇ ಸಲಕ್ಕೆ ಸರಿ ಬರೋದಿಲ್ಲ. ಸ್ಪ್ಯಾನರ್ ಒಂದು ಇದ್ದರೆ ಸಾಕು. ರೇಡಿಯೇಟರ್ ಮೇಲ್ಭಾಗ ಮಾತ್ರ ತಣ್ಣಗಿದ್ದರೆ ಒಳಗೆ ಗಾಳಿ ಸೇರಿದೆ, ಹೀಟಿಂಗ್ ಆಫ್ ಮಾಡಿ ಕೀ ಹಾಕಿ ಗಾಳಿ ಬಿಡಿ.

ಒಂದು ಪ್ರಶ್ನೆ: ಈ ಚಳಿಗಾಲದ ಅತಿ ಚಳಿ ದಿನ ಎಷ್ಟು ಗ್ಯಾಸ್ ಉರಿಯಿತು?

---

ತುಂಗಾತೀರ, ಲೀಡ್ಸ್ · ಫೆಬ್ರವರಿ 12

ಆ್ಯಪ್‌ನಲ್ಲಿ ನೋಡಿದೆ. ಸೊನ್ನೆ ಆಸುಪಾಸು ಇದ್ದ ಒಂದು ದಿನ 7.5 ಕ್ಯೂಬಿಕ್ ಮೀಟರ್.

---

ನಾಲೆಬಯಲು, ಮಿಲ್ಟನ್ ಕೀನ್ಸ್ · ಫೆಬ್ರವರಿ 13

7.5 ಅಂದರೆ 84 ಯೂನಿಟ್. ಬಿಸಿನೀರಿಗೆ 8 ತೆಗೆಯಿರಿ, ಉಳಿದದ್ದು 76. ಬಾಯ್ಲರ್ ಅದರಲ್ಲಿ 88 ಪ್ರತಿಶತ ಮನೆಗೆ ಕೊಟ್ಟಿತು ಅಂದರೆ 67. 24 ಗಂಟೆಯಿಂದ ಭಾಗಿಸಿ: 2.8 ಕಿಲೋವ್ಯಾಟ್. ಹೆಪ್ಪುಗಟ್ಟುವ ದಿನಕ್ಕೂ ನಿಮ್ಮ ಮನೆ ಸರಾಸರಿ ಕೇಳಿದ್ದು ಮೂರು ಕಿಲೋವ್ಯಾಟ್‌ಗೂ ಕಡಿಮೆ, ಬಾಯ್ಲರ್ ಇರೋದು 30ರದ್ದು! ಆ 30 ಬೇಕಾಗಿರೋದು ಶವರ್‌ಗೆ. ಹೀಟಿಂಗ್‌ಗೆ ಅಲ್ಲ.

ಇದರಿಂದ ಏನಾಗುತ್ತದೆ ಅಂದರೆ, ಬಾಯ್ಲರ್ ಎಷ್ಟೇ ಸಣ್ಣಗೆ ಉರಿದರೂ ಒಂದು ಮಟ್ಟಕ್ಕಿಂತ ಕೆಳಗೆ ಹೋಗಲಾರದು. ಹೊತ್ತಿಕೊಳ್ಳುತ್ತದೆ, ಎರಡು ನಿಮಿಷಕ್ಕೆ ಆರುತ್ತದೆ, ಮತ್ತೆ ಹೊತ್ತಿಕೊಳ್ಳುತ್ತದೆ. ಕಾರನ್ನು ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡಿಸಿದ ಹಾಗೆ. ಮುಂದಿನ ಸರ್ವಿಸ್‌ಗೆ ಬಂದವರ ಹತ್ತಿರ ಹೀಟಿಂಗ್ ಔಟ್‌ಪುಟ್ ಮಿತಿ ಇಳಿಸಿಕೊಡಿ ಅಂತ ಕೇಳಿ, ಇದಕ್ಕೆ ರೇಂಜ್ ರೇಟಿಂಗ್ ಅಂತಾರೆ. ಹೊಸ ಬಾಯ್ಲರ್ ಹಾಕಿಸುವವರು ಹೊರಗಿನ ಚಳಿ ನೋಡಿ ನೀರಿನ ಬಿಸಿ ತಾನೇ ಹೊಂದಿಸಿಕೊಳ್ಳುವ ವೆದರ್ ಕಾಂಪೆನ್ಸೇಶನ್ ಕೇಳಿ ಹಾಕಿಸಿಕೊಳ್ಳಿ.

ಇನ್ನು ಇವತ್ತು ರಾತ್ರಿಯೇ ಮಾಡಬಹುದಾದದ್ದು. ಮಲಗುವ ಮುಂಚೆ ಹೀಟಿಂಗ್ ಆಫ್ ಮಾಡಿ ಮೀಟರ್ ನೋಡಿ. ಬೆಳಗ್ಗೆ ಯಾರೂ ನಲ್ಲಿ ತಿರುಗಿಸುವ ಮುಂಚೆ ಮತ್ತೆ ನೋಡಿ. ಅಂಕಿ ಓಡಿದ್ದರೆ ಬಾಯ್ಲರ್ ರಾತ್ರಿಯೆಲ್ಲ ಸ್ವಲ್ಪ ನೀರನ್ನು ಸುಮ್ನೆ ಕಾಯಿಸಿ ಇಟ್ಟುಕೊಳ್ಳುತ್ತಿದೆ, ನಲ್ಲಿ ತೆರೆದ ಕೂಡಲೇ ಬಿಸಿ ಕೊಡೋದಕ್ಕೆ. ಪ್ರೀಹೀಟ್ ಅಂತಾರೆ. ಇಕೊ ಬಟನ್ ಒತ್ತಿದರೆ ನಿಲ್ಲುತ್ತದೆ.

---

ತುಂಗಾತೀರ, ಲೀಡ್ಸ್ · ಮಾರ್ಚ್ 9

ತಡವಾಗಿ ಬರೀತಿದ್ದೇನೆ, ಲೆಕ್ಕ ಸರಿಯಾಗಿ ಸಿಗಲಿ ಅಂತ ಕಾದೆ. ಫೆಬ್ರವರಿ ಬಿಲ್ ಇಳಿದಿದೆ. ಆದರೆ ಚಳಿ ಕಡಿಮೆ ಆದದ್ದಕ್ಕೂ ಇಳಿಯುತ್ತದಲ್ಲ, ಅದನ್ನು ನಂಬಿ ಹೇಳೋದು ಸರಿಯಲ್ಲ. ಅದಕ್ಕೆ ದಿನದ ಸರಾಸರಿ 5 ಡಿಗ್ರಿ ಆಸುಪಾಸು ಇದ್ದ ದಿನಗಳನ್ನು ಮಾತ್ರ ಆರಿಸಿದೆ. ತಿರುಗಣೆ ಇಳಿಸುವ ಮುಂಚಿನ ಅಂಥ ದಿನಗಳಲ್ಲಿ ದಿನಕ್ಕೆ 4.6 ಕ್ಯೂಬಿಕ್ ಮೀಟರ್. ಎಲ್ಲ ಬದಲಾಯಿಸಿದ ಮೇಲೆ 4.1. ಹತ್ತು ಪ್ರತಿಶತಕ್ಕಿಂತ ಸ್ವಲ್ಪ ಜಾಸ್ತಿಯೇ ಉಳಿದಿದೆ. ಮನೆ ಮುಂಚಿನಷ್ಟೇ ಬೆಚ್ಚಗಿದೆ.

ರಾತ್ರಿ ಪರೀಕ್ಷೆಯನ್ನೂ ಮಾಡಿದೆ. ಏಳು ಗಂಟೆಯಲ್ಲಿ 0.13 ಓಡಿತ್ತು. ಇಕೊ ಒತ್ತಿದ ಮೇಲೆ ಸೊನ್ನೆ. ಬೆಳಗ್ಗೆ ನಲ್ಲಿಯಲ್ಲಿ ಬಿಸಿನೀರಿಗೆ ಅರ್ಧ ನಿಮಿಷ ಕಾಯಬೇಕು, ಆ ನೀರನ್ನು ಬಕೆಟ್‌ಗೆ ಹಿಡಿದು ಒಗೆಯೋದಕ್ಕೆ ಬಳಸುತ್ತೇವೆ.

ತೂಬಿನ ಕೆಲಸಕ್ಕೆ ಮೂರು ಶನಿವಾರ ಹಿಡಿಯಿತು. ಚಿಕ್ಕ ರೂಮ್ ಕಾಲು ಸುತ್ತಿಗೆ ನಿಂತಿದೆ. ಅಮ್ಮನ ರೂಮ್ ಈಗ 20.5. ಅಲಾರಂ ಕೂಡ ಹಾಕಿದೆ ಅಕ್ಕಾ, ನೀವು ಹೇಳಿದ ಮಾರನೇ ದಿನವೇ.

---

ಮಲ್ಲಿಗೆ, ಗ್ಲಾಸ್ಗೊ · ಮಾರ್ಚ್ 10

ಇಡೀ ಚರ್ಚೆ ಓದಿ ನಾನೂ 55 ಮಾಡಿದೆ. ಗಾಳಿಯನ್ನೂ ಬಿಟ್ಟೆ. ಈಗ ಬಾಯ್ಲರ್ ಮುಂದಿನ ನೀರಿನ ಒತ್ತಡದ ಮುಳ್ಳು 0.6 ಬಾರ್ ತೋರಿಸ್ತಿದೆ, ಹೀಟಿಂಗ್ ಶುರುವಾಗ್ತಿಲ್ಲ. ಏನಾದರೂ ಹಾಳು ಮಾಡಿದೆನಾ?

---

ಕರಾವಳಿ ಅಕ್ಕ, ರೀಡಿಂಗ್ · ಮಾರ್ಚ್ 10

ಏನೂ ಹಾಳಾಗಿಲ್ಲ ಪುಟ್ಟಿ. ಗಾಳಿ ಹೋದ ಜಾಗಕ್ಕೆ ನೀರು ತುಂಬಬೇಕು. ಬಾಯ್ಲರ್ ಕೆಳಗೆ ಹೆಣೆದ ಸ್ಟೀಲಿನ ಸಣ್ಣ ಕೊಳವೆ ಇದೆಯಾ ನೋಡು. ಅದರ ಎರಡು ತುದಿಯ ನಲ್ಲಿಗಳನ್ನು ನಿಧಾನ ತೆರೆ. ಕೆಲವು ಬಾಯ್ಲರ್‌ನಲ್ಲಿ ಕೊಳವೆ ಬದಲು ಕೀ ಇರುತ್ತದೆ. ಮುಳ್ಳು 1.2ಕ್ಕೆ ಬಂದಾಗ ಎರಡನ್ನೂ ಗಟ್ಟಿಯಾಗಿ ಮುಚ್ಚು. ತಣ್ಣಗಿದ್ದಾಗ 1ರಿಂದ 1.5 ಇರಬೇಕು. ನಾಳೆ ಮತ್ತೆ ಇಳಿದಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಆಗ ಗ್ಯಾಸ್ ಸೇಫ್ ಕಾರ್ಡ್ ಇರುವವರನ್ನು ಕರೆಸು. ಮುಳ್ಳಿನ ಫೋಟೊ ಇಲ್ಲೇ ಹಾಕು, ನೋಡಿ ಹೇಳ್ತೀನಿ.